ಬಾಗಿಲಲ್ಲಿ ನಿಂತವಳ ಊರಿಗೆ

ಇಟಲಿ ದೇಶಕ್ಕೆ ಹೋಗಿ ಬಂದ ಮೇಲೆ ಅಜ್ಜಂಪುರದ ಜನ ನನ್ನನ್ನು ಎರಡು ಮಾತು ಕೇಳುತ್ತಾರೆ. ಅಲ್ಲಿ ಏನು ತಿಂದೆ? ಸಮುದ್ರ ದಾಟಿದ್ದಕ್ಕೆ ಮಠದಲ್ಲಿ ಏನಂದರು? ತಿಂದದ್ದು ನಾನು ಕಟ್ಟಿಕೊಂಡು ಹೋದ ರಾಗಿ ಹಿಟ್ಟು, ಅದು ತಳ ಕಂಡಾಗ ಅವರ ಮುಸುಕಿನ ಜೋಳದ ಹಿಟ್ಟು. ಮಠದಲ್ಲಿ, ಬಂದೆಯಾ ತಾಯಿ, ಕೂತ್ಕೋ, ಅಂದರು. ಅಷ್ಟೇ. ಮೂರನೆಯ ಮಾತು ಎಲ್ಲರ ನಾಲಿಗೆಯ ಮೇಲೂ ಇದೆ, ಯಾರೂ ಆಚೆ ಬಿಡುವುದಿಲ್ಲ. ನಿನ್ನ ಮೊಮ್ಮಗನನ್ನು ಅಲ್ಲಿ ಕೂರಿಸಿದೆಯಾ, ಮಲಗಿಸಿದೆಯಾ?

ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರು ಓದಿದರೆ ತಿಳಿದಿರಲಿ. ನಾವು ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಚಕ್ಕಳಮಕ್ಕಳ ಕೂರಿಸಿ, ಹುಟ್ಟಿದಾಗ ಕಟ್ಟಿದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಪತ್ರೆ ಹಾಕಿ ಮಣ್ಣು ಮಾಡುತ್ತೇವೆ. ಮುಖ ಲಿಂಗದ ಕಡೆ ಇರಬೇಕು. ಮಲಗಿದವನು ಅಂಗೈ ನೋಡುವುದು ಹೇಗೆ?

ನಾನು ಓದಿದವಳಲ್ಲ. ಅಣ್ಣನ ಜೊತೆ ಕೂಲಿಮಠಕ್ಕೆ ಹೋಗಿ ಮರಳ ಮೇಲೆ ನಾಲ್ಕು ಅಕ್ಷರ ತಿದ್ದಿದ್ದು, ಮದುವೆ ಆದ ಮೇಲೆ ಅದೂ ನಿಂತಿತು. ಆಡುವ ಹಾಗೇ ಬರೆಯುತ್ತೇನೆ.

ಅಜ್ಜಂಪುರ ಸ್ಟೇಷನ್

ಚನ್ನಬಸವ ನನ್ನ ಹಿರಿಮಗನ ಮಗ. ಪ್ಲೇಗಿನ ವರ್ಷ ನಾವೆಲ್ಲ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಅವನ ಅಪ್ಪ ಮೊದಲು ಹೋದ, ಆಮೇಲೆ ಅವ್ವ. ಅವಳನ್ನು ಎತ್ತುವುದಕ್ಕೆ ಜನ ಬರಲಿಲ್ಲ. ನಾನೂ ನನ್ನ ಕಿರಿಮಗ ರುದ್ರನೂ ಗುಂಡಿ ತೋಡಿ ಅವಳನ್ನು ಕೂರಿಸಿದೆವು. ಚನ್ನ ಆಗಿನ್ನೂ ಮಗು. ನನ್ನ ಸೆರಗು ಹಿಡಿದುಕೊಂಡು ಎಲ್ಲ ನೋಡಿದ.

"ಅಜ್ಜಿ, ಅವ್ವ ಕೂತವ್ಳಲ್ಲ, ಯಾವಾಗ ಏಳ್ತಾಳೆ?"

"ಕೆಲ್ಸ ಮುಗುದ್ ಮೇಲೆ."

ಏನೋ ಒಂದು ಅಂದೆ. ಮಕ್ಕಳು ಮರೆಯುತ್ತವೆ. ಇದು ಮರೆಯಲಿಲ್ಲ. ಮಠದ ಸ್ವಾಮಿಗಳನ್ನು ಕೇಳಿದ, ಐಕ್ಯಳಾದಳು ಮಗು ಅಂದರು. ಶಾಲೆಯ ಮೇಷ್ಟರನ್ನು ಕೇಳಿದ, ಲೆಕ್ಕ ಮಾಡು ಹೋಗು ಅಂದರು. ದೊಡ್ಡವನಾದ, ಬಾಯಲ್ಲಿ ಕೇಳುವುದು ಬಿಟ್ಟ, ಪುಸ್ತಕದಲ್ಲಿ ಹುಡುಕುವುದಕ್ಕೆ ಹಿಡಿದ. ಮಂಗಳೂರಿಗೆ ಓದಲು ಕಳಿಸಿದೆವು. ಅಲ್ಲಿ ಇಟಲಿಯ ಪಾದ್ರಿಯೊಬ್ಬರು ಅವನಿಗೆ ತಮ್ಮ ಮಾತು ಕಲಿಸಿ, ತಮ್ಮ ದೇಶದ ಹಳೇ ಹಾಡುಗಳನ್ನು ತೋರಿಸಿದರು. ಅವನ್ನು ಅಲ್ಲೇ ಹೋಗಿ ಓದಬೇಕು ಅಂತ ಹೊರಟುಬಿಟ್ಟ. ಬೇರೆಯವರ ಮಕ್ಕಳು ಸೀಮೆಗೆ ಹೋಗಿ ವಕೀಲರಾಗಿ ಬಂದರು. ನಮ್ಮವನು ಸಾವಿನ ಹಾಡು ಓದುವುದಕ್ಕೆ ಹೋದ.

ಎರಡು ವರ್ಷವಾದ ಮೇಲೆ ಆ ಪಾದ್ರಿಗಳೇ ಘಾಟಿ ಹತ್ತಿ ಕಡೂರಿನ ಮೇಲೆ ಹಾದು ನಮ್ಮ ಮನೆ ಜಗಲಿಗೆ ಬಂದು ಕೂತರು. ಬಿಳಿ ಗಡ್ಡ, ನನ್ನ ವಯಸ್ಸೇ. ಅವರ ಕನ್ನಡ ಪುಸ್ತಕದಿಂದ ಕತ್ತರಿಸಿ ತೆಗೆದ ಹಾಗಿತ್ತು.

"ನಂಜಮ್ಮನವರೇ, ಹುಡುಗನ ಎದೆಯ ಕಾಯಿಲೆ ಬಲವಾಗಿದೆ. ಪ್ರಯಾಣ ಮಾಡಲಾರನು. ನಾನು ಸ್ವದೇಶಕ್ಕೆ ಹಿಂದಿರುಗುತ್ತಿದ್ದೇನೆ. ಅವನು ನಿಮ್ಮನ್ನು ನೋಡಬೇಕೆಂದಿದ್ದಾನೆ."

"ಬತ್ತೀನಿ" ಅಂದೆ.

ರುದ್ರ ಹಾರಿಬಿದ್ದ. "ಅವ್ವ, ತಲೆ ನೆಟ್ಟಗೈತಾ ನಿಂಗೆ? ಕಡೂರು ದಾಟಿ ಆಚೆಗೆ ಕಾಲಿಟ್ಟೋಳಲ್ಲ!"

"ತರೀಕೆರೆಗೆ ಹೋಗಿದ್ದೀನಿ ಕಣೋ."

"ಸಮುದ್ರ ಐತೆ ಮಧ್ಯ!"

"ಹಡಗು ಐತಲ್ಲ. ನಾನೇನು ಈಜ್ಕೊಂಡ್ ಹೋಗ್ತೀನಾ?"

ಸ್ವಾಮಿಗಳು ವಿಭೂತಿಯ ಗಟ್ಟಿ ಕೊಟ್ಟರು. ಬೇಕಾಗುತ್ತೆ ಇಟ್ಕೋ ಅಂದರು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಚನ್ನ ಇದ್ದ ಊರಿನ ಹೆಸರು ಗುಬ್ಬಿಯೋ. ಸ್ಟೇಷನ್ನಿನಲ್ಲಿ ಮಾಸ್ತರರು ನನ್ನನ್ನು ತಡೆದು, "ಗುಬ್ಬಿಗಾದ್ರೆ ತುಮಕೂರ ಕಡೆ ಗಾಡಿ ಹತ್ತಬೇಕು ಅಜ್ಜಿ, ಇದು ಹುಬ್ಬಳ್ಳಿಗೆ ಹೋಗೋದು" ಅಂದರು. ರುದ್ರನಿಗೆ ಆ ಹೊತ್ತಿನಲ್ಲೂ ನಗು ಬಂತು. ನಕ್ಕವನು ಹಾಗೇ ಗಾಡಿಯ ಕಂಬಿ ಹಿಡಿದುಕೊಂಡು ಅತ್ತ.

ಹಡಗು

ಹಡಗಿನ ವಿಷಯ ಹೇಳುವುದಕ್ಕೆ ಬಹಳ ಇಲ್ಲ. ಎಲ್ಲ ಕಡೆ ನೀರು, ಬಾಯಿಗೆ ಹಾಕುವ ಹಾಗಿಲ್ಲ. ಬಿಳಿಯರು ಹೊತ್ತು ಹುಟ್ಟಿದ ಮೇಲೂ ಉದ್ದ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿರುತ್ತಾರೆ. ನನಗೂ ಒಂದು ತಂದು ಹಾಕಿದರು. ನಾನು ಅದರ ಪಕ್ಕ ನೆಲದ ಮೇಲೆ ಕೂತೆ. ಒಬ್ಬ ದೊರೆಸಾನಿ ನನಗೆ ಏನೋ ಆಗಿದೆ ಅಂತ ಹೆದರಿ ಡಾಕ್ಟರನ್ನು ಕರೆಸಿದಳು. ಅವನು ನನ್ನ ಕೈ ಹಿಡಿದು ನಾಡಿ ನೋಡಿ ತಲೆ ತಗ್ಗಿಸಿ ಹೋದ. ಮಾರನೆಯ ದಿನ ಅವಳೂ ನೆಲಕ್ಕೆ ಕೂತು ನೋಡಿದಳು. ಏಳುವುದಕ್ಕೆ ಇಬ್ಬರು ಹಿಡಿದು ಎತ್ತಬೇಕಾಯಿತು.

ಪಾದ್ರಿಗಳನ್ನು ಒಂದು ದಿನ ನೇರವಾಗಿ ಕೇಳಿದೆ. "ನಮ್ ಹುಡುಗನ್ನ ನಿಮ್ ಜಾತಿಗೆ ಸೇರಿಸ್ಕೊಂಡ್ರಾ?"

"ಇಲ್ಲ. ಅವನು ಕೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ."

"ಮತ್ತೆ ಆ ಹಾಡಲ್ಲಿ ಏನೈತೆ?"

ಅವರ ದೇಶದಲ್ಲೂ ಒಂದು ಕಾಲಕ್ಕೆ ದೇವರ ಮಾತೆಲ್ಲ ಓದಿದವರ ಭಾಷೆಯಲ್ಲಿ ಇತ್ತಂತೆ, ನಮ್ಮಲ್ಲಿ ಸಂಸ್ಕೃತ ಇದ್ದ ಹಾಗೆ. ನೂರಾರು ವರ್ಷದ ಹಿಂದೆ ಸಂತೆಯ ಜನ, ನೇಯುವವರು, ಚಮ್ಮಾರರು, ಮನೆಮಾತಿನಲ್ಲೇ ಹಾಡು ಕಟ್ಟಿ ಬೀದಿಯಲ್ಲಿ ಹಾಡಿದರು. ಯಾಕೆ ಹುಟ್ಟಿದೆವು, ಯಾಕೆ ಸಾಯಬೇಕು, ಸತ್ತವರು ಎಲ್ಲಿ, ಅಂತ.

"ನಮ್ ಶರಣರೂ ಹಂಗೇ ಅಲ್ವಾ?" ಅಂದೆ.

"ಚನ್ನನೂ ಇದೇ ಮಾತು ಹೇಳಿದನು. ಮನೆಮಾತಿನಲ್ಲಿ ಮೊದಲು ಕೇಳಿದವರು ಹೆದರದೆ ಕೇಳಿರುತ್ತಾರೆ, ಅವರಿಗೆ ಉತ್ತರ ಸಿಕ್ಕಿರಬಹುದು ಎಂದನು."

"ಸಿಕ್ಕಿತ್ತಾ?"

"ಅವನನ್ನೇ ಕೇಳಿ" ಅಂದರು.

ಚಿಕ್ಕ ರೈಲು

ದೊಡ್ಡ ರೈಲು ಇಳಿದು ಒಂದು ಚಿಕ್ಕ ರೈಲು ಹತ್ತಿದೆವು. ನಮ್ಮ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಲ್ಲ, ಅದರ ಅಣ್ಣನೋ ತಮ್ಮನೋ. ದಿಣ್ಣೆ ಬಂದರೆ ಏದುಸಿರು ಬಿಡುವುದು, ಯಾರೋ ಕೈಬೀಸಿದರೆ ನಿಲ್ಲುವುದು. ಎದುರಿಗೆ ಕೂತ ಹೆಂಗಸೊಬ್ಬಳು ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡಿದ್ದಳು. ನನ್ನ ಹಣೆಯ ವಿಭೂತಿ ನೋಡಿ ತನ್ನ ಹಣೆ ಮುಟ್ಟಿ ಏನೋ ಅಂದಳು. ಅವರಲ್ಲೂ ಉಪವಾಸದ ಕಾಲ ಶುರುವಾಗುವ ದಿನ ಪಾದ್ರಿ ಹಣೆಗೆ ಬೂದಿ ಹಚ್ಚುತ್ತಾರಂತೆ. ಮಣ್ಣಿನಿಂದ ಬಂದೆ, ಮಣ್ಣಿಗೆ ಹೋಗುತ್ತೀಯ, ಅಂತ ನೆನಪು ಮಾಡುವುದಕ್ಕೆ. ವರ್ಷಕ್ಕೆ ಒಂದೇ ದಿನವಂತೆ. ಒಂದು ದಿನಕ್ಕೆ ಸಾಲುತ್ತಾ, ಅಂದೆ. ಪಾದ್ರಿಗಳು ಅದನ್ನು ಅವಳಿಗೆ ಹೇಳಲಿಲ್ಲ.

ಊರು ಗುಡ್ಡದ ಮೈಗೆ ಅಂಟಿಕೊಂಡಿದೆ. ಎಲ್ಲ ಕಲ್ಲು. ಗೋಡೆ ಕಲ್ಲು, ಸೂರು ಕಲ್ಲು, ಬೀದಿ ಕಲ್ಲು. ಸಂಜೆ ಆಯಿತೆಂದರೆ ಊರಿಗೆ ಊರೇ ಒಳ್ಳೇ ಬಟ್ಟೆ ಹಾಕಿಕೊಂಡು ಬೀದಿಗೆ ಇಳಿಯುತ್ತದೆ. ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ, ತಿರುಗಿ ಈ ತುದಿಗೆ ಬರುತ್ತಾರೆ. ಏನೂ ಕೊಳ್ಳುವುದಿಲ್ಲ, ಯಾರ ಮನೆಗೂ ಹೋಗುವುದಿಲ್ಲ. ನಮ್ಮಲ್ಲಿ ಹಾಗೆ ತಿರುಗಿದರೆ ಎಮ್ಮೆ ಕಳೆದುಕೊಂಡಿದ್ದೀಯಾ ಅಂತ ಕೇಳುತ್ತಾರೆ.

ಅಸ್ಸುಂತಳ ಮನೆ

ಚನ್ನ ಅಸ್ಸುಂತ ಅನ್ನುವ ವಿಧವೆಯ ಮನೆ ಅಟ್ಟದಲ್ಲಿ ಇದ್ದ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ದಿಂಬು ಒರಗಿಕೊಂಡು ಕೂತಿದ್ದ. ಮೂಗು, ಕಿವಿ, ಕಣ್ಣು ಬಿಟ್ಟರೆ ಮುಖದಲ್ಲಿ ಏನೂ ಉಳಿದಿರಲಿಲ್ಲ. ನಾನು ಮೊದಲು ಕೈ ಹಾಕಿದ್ದು ಅವನ ಕೊರಳಿಗೆ. ಲಿಂಗದ ಬೆಳ್ಳಿ ಕರಡಿಗೆ ಇತ್ತು. ದಾರ ಮಾತ್ರ ಬೇರೆ.

"ಏನೋ ಇದು?"

"ಬೂಟಿನ ದಾರ ಅಜ್ಜಿ. ಶಿವದಾರ ಹರಿದುಹೋಯ್ತು. ಇಲ್ಲಿ ಇದೇ ಗಟ್ಟಿ."

"ಥೂ ನಿನ್ನ. ದೇವರ್ನ ಬೂಟಿಗೆ ಕಟ್ಟಿದ್ದೀಯಲ್ಲೋ."

ನಗುವುದಕ್ಕೆ ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ, "ಬಂದ್ಯಲ್ಲ" ಅಂದ. ನಾನು ತಂದಿದ್ದ ದಾರ ಕಟ್ಟಿದೆ.

ಅಸ್ಸುಂತಳದು ಮೈತುಂಬ ಕರಿ ಬಟ್ಟೆ. ಅಲ್ಲಿ ಗಂಡ ಸತ್ತವರಿಗೆ ಕರಿ. ನನ್ನದು ಬಿಳಿ ಸೀರೆ. ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿದೆವು. ಅವಳು ನನ್ನ ಮೊಮ್ಮಗನಿಗೆ ಮಾಂಸದ ಸಾರು ಕುಡಿಸಬೇಕು ಅನ್ನುವಳು, ನಾನು ಅವಳ ಒಲೆಗೆ ಅಡ್ಡ ನಿಂತೆ. ಅವಳು ಅವನ ತಲೆಯ ಮೇಲೆ ಶಿಲುಬೆ ನೇತುಹಾಕಿದಳು. ಕಾಯಿಲೆಯವನ ಎದುರಿಗೆ ಸಾಯುತ್ತಿರುವವನ ಗೊಂಬೆ ಯಾಕೆ ಅಂತ ನಾನು ತೆಗೆದಿಟ್ಟೆ. ಅವಳು ಮತ್ತೆ ಹಾಕಿದಳು. ನಾನು ಮತ್ತೆ ತೆಗೆದೆ. ಚನ್ನ ನೋಡಿ ನೋಡಿ, "ಇಬ್ಬರೂ ಕೆಳಗೆ ಹೋಗಿ ಜಗಳ ಆಡ್ರೇ, ನನ್ ತಲೆ ಮೇಲೆ ಬ್ಯಾಡ" ಅಂದ. ಆಮೇಲೆ ಅದು ಬಾಗಿಲ ಪಕ್ಕದ ಗೋಡೆಗೆ ಹೋಯಿತು. ಅಲ್ಲಿ ಇರಲಿ ಅಂತ ಬಿಟ್ಟೆ.

ಒಂದು ಬೆಳಗ್ಗೆ ಕೆಳಗೆ ಇಳಿದು ನೋಡಿದರೆ ಅವಳು ದೊಡ್ಡ ಮಡಕೆ ಒಲೆಗಿಟ್ಟು ಕುದಿಯುವ ನೀರಿಗೆ ಹಳದಿ ಹಿಟ್ಟು ಹಾಕಿ ಕೋಲಿನಲ್ಲಿ ತಿರುವುತ್ತಿದ್ದಾಳೆ. ಮುದ್ದೆ ಕಣ್ರೀ! ಜೋಳದ್ದು, ಅಷ್ಟೇ. ಕೋಲು ಹಿಡಿಯುವ ಕೈ, ಮಡಕೆಗೆ ಒತ್ತುವ ಕಾಲು, ಎಲ್ಲ ನಮ್ಮದೇ. ಆದರೆ ಮುದ್ದೆ ಕಟ್ಟುವುದು ಗೊತ್ತಿಲ್ಲ, ಹಲಗೆಯ ಮೇಲೆ ಸುರಿದುಬಿಡುತ್ತಾಳೆ. ನಾನು ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ ತೋರಿಸಿದೆ. ಅವಳು ನಕ್ಕಳು. ಅಂದಿನಿಂದ ನನ್ನ ರಾಗಿಗೆ ಒಲೆ ಬಿಟ್ಟುಕೊಟ್ಟಳು, ಸಾರಿನ ಮಾತು ಎತ್ತಲಿಲ್ಲ.

ಶುಕ್ರವಾರದ ಹಾಡು

ಆಗ ಅವರ ಉಪವಾಸದ ಕಾಲ. ಶುಕ್ರವಾರ ಶುಕ್ರವಾರ ಊರಿನ ಗಂಡಸರು ಹೆಂಗಸರು ಹಾಡುತ್ತಾ ಬೀದಿಯಲ್ಲಿ ಹೋಗುತ್ತಾರೆ. ಅದೇ ಚನ್ನ ಓದುತ್ತಿದ್ದ ಹಾಡು. ಕಿಟಕಿ ತೆಗೆಸಿದ. ಜನ ದಾಟಿಹೋದ ಮೇಲೆ ನನಗೆ ಬಿಡಿಸಿ ಹೇಳಿದ.

ಒಬ್ಬಳ ಮಗ ಸತ್ತಿದ್ದಾನೆ. ಅವಳು ಸಾವಿನ ಮನೆ ಹುಡುಕಿಕೊಂಡು ಹೋಗಿ ಬಾಗಿಲು ಬಡಿಯುತ್ತಾಳೆ. ಸಾವು ಬಾಗಿಲು ತೆಗೆದು, ಏನು ಬೇಕು, ಮಗನನ್ನು ಕೊಡುವುದಿಲ್ಲ, ಅನ್ನುತ್ತದೆ. ಕೊಡಬೇಡ, ಉಂಡನಾ ಇಲ್ಲವಾ ಅಷ್ಟು ಹೇಳು ಸಾಕು, ಅನ್ನುತ್ತಾಳೆ. ಸಾವು ಬಾಗಿಲು ಹಾಕಿಕೊಳ್ಳುತ್ತದೆ.

"ಆಮೇಲೆ?"

"ಆಮೇಲೆ ಇಲ್ಲ ಅಜ್ಜಿ. ಅಷ್ಟೇ ಹಾಡು."

"ಆವತ್ತಿಂದ ಅವಳು ಅಲ್ಲೇ ನಿಂತವಳಾ?"

"ಹೂಂ."

"ಕೂತ್ಕೊಳಾಕೆ ಒಂದು ಜಗಲಿನಾದ್ರೂ ಐತಾ ಆ ಮನೆಗೆ?"

ಚನ್ನ ನನ್ನನ್ನೇ ನೋಡಿದ. "ಓದಿದೋರು ಏನೇನೋ ಬರ್ದವ್ರೆ. ಬಾಗಿಲು ಹಾಕಿದ್ದೇ ಉತ್ತರ ಅಂತ ಒಬ್ಬ. ಒಳಗೆ ಹೋಗಿ ಕೇಳ್ಕೊಂಡು ಬರೋಕೆ ಹಾಕ್ತು ಅಂತ ಇನ್ನೊಬ್ಬ. ಎರಡು ವರ್ಷ ಇದರಲ್ಲೇ ಕೂತೆ."

"ನಿಂಗೇನು ತೋಚ್ತು?"

"ಗೊತ್ತಾಗಲಿಲ್ಲ. ಆದ್ರೆ ಅಜ್ಜಿ, ನಾನು ಅವ್ವ ಎಲ್ಲಿಗೆ ಹೋದ್ಲು ಅಂತ ಕೇಳ್ತಿದ್ದೆ. ಇವಳು ಅದನ್ನ ಕೇಳೋದೇ ಇಲ್ಲ ನೋಡು. ಉಂಡನಾ ಅಂತಾಳೆ. ಅದನ್ನ ಓದಿದ್ ಮೇಲೆ ನನ್ನ ಪ್ರಶ್ನೆ ಸ್ವಲ್ಪ ಸಣ್ಣದಾಯ್ತು."

ನಾನು ಅವನ ಬೆನ್ನ ಹಿಂದಿನ ದಿಂಬು ಸರಿಮಾಡಿದೆ.

"ಅಜ್ಜಿ, ನನ್ನ ಕೂರಿಸ್ತೀಯಾ?"

"ಈಗ್ಯಾಕೋ ಆ ಮಾತು?"

"ಇಲ್ಲಿ ಎಲ್ಲರನ್ನೂ ಮಲಗಿಸ್ತಾರೆ. ನನಗೆ ಈ ಲಿಂಗದ ಮೇಲೆ ಎಷ್ಟು ನಂಬಿಕೆ ಐತೋ ನನಗೇ ತಿಳೀದು. ಅವ್ವ ಕೂತವ್ಳೆ. ನಾನೂ ಕೂತ್ಕೋಬೇಕು."

"ಕೂರಿಸ್ತೀನಿ."

"ಮಾತು?"

"ಮಾತು ಕಣೋ."

ಕಚೇರಿ

ಕೆಲವು ದಿನಕ್ಕೆ ಅವನ ಉಗುರು ನೀಲಿಯಾಯಿತು. "ಜಾಗ ನೋಡ್ಕೊಂಡ್ ಬಾ ಹೋಗು" ಅಂದ. ಪಾದ್ರಿಗಳನ್ನು ಕರೆದುಕೊಂಡು ಬೆಳಗ್ಗೆಯೇ ಹೊರಟೆ. ಅಲ್ಲಿ ಸುಡುಗಾಡಿಗೂ ಕಚೇರಿ ಇದೆ. ಮೇಜಿನ ಹಿಂದೆ ಕೂತವರು ಒಳ್ಳೆಯವರೇ, ದೂರುವ ಹಾಗಿಲ್ಲ. ಕೂತುಕೊಂಡು ಮಣ್ಣಾಗುವವನನ್ನು ಅವರು ಕಂಡಿರಲಿಲ್ಲ, ಅಷ್ಟೇ. ಹೇಗೆ ಅಂತ ಕೇಳಿದರು. ಅವರ ಕಚೇರಿಯ ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಎಡಗೈ ಎದೆಯ ಮುಂದೆ ಹಿಡಿದು ತೋರಿಸಿದೆ. ಒಬ್ಬ ಎದ್ದು ಟೋಪಿ ತೆಗೆದ. ಇನ್ನೊಬ್ಬ ಲೆಕ್ಕ ಹಾಕಿ, ಹೀಗಾದರೆ ಅರ್ಧ ಜಾಗ ಸಾಕಲ್ಲ, ಅಂದನಂತೆ. ಆಳ ಹೆಚ್ಚು ಬೇಕು ಅಂತ ಹೇಳಿಸಿದೆ. ಇವರು ಅವರನ್ನು ಕೇಳಿ, ಅವರು ಮತ್ತೊಬ್ಬರನ್ನು ಕೇಳಿ, ಕೊನೆಗೆ ಸುಡುಗಾಡಿನ ಗೋಡೆಯ ಆಚೆ, ಅವರ ಮತದವರಲ್ಲದವರ ಮೂಲೆಯಲ್ಲಿ ಜಾಗ ಕೊಟ್ಟರು.

ಇಳಿಹೊತ್ತಿಗೆ ಮನೆಗೆ ಬಂದೆವು. ಕಿಟಕಿಗಳೆಲ್ಲ ಮುಚ್ಚಿದ್ದವು.

ಬೆಳಗ್ಗೆ ನಾವು ಹೊರಟು ಬೀದಿ ತಿರುಗುವ ಮೊದಲೇ ಚನ್ನ ಹೋಗಿಬಿಟ್ಟಿದ್ದನಂತೆ. ಅಸ್ಸುಂತ ತನ್ನ ಮಗನಿಗೆ ಮಾಡುವ ಹಾಗೆ ಎಲ್ಲ ಮಾಡಿದ್ದಳು. ಮೈ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಗದ್ದಕ್ಕೆ ಬಟ್ಟೆ ಕಟ್ಟಿ, ಕೈ ಎರಡೂ ಎದೆಯ ಮೇಲೆ ಜೋಡಿಸಿ, ಕಾಲು ನೀಟಾಗಿ ಚಾಚಿಸಿ, ತಲೆಯ ಹತ್ತಿರ ದೀಪ ಹಚ್ಚಿ ಮಲಗಿಸಿದ್ದಳು. ಅಷ್ಟು ಚೆನ್ನಾಗಿ ಮಲಗಿದ್ದನ್ನು ನಾನು ಆ ಊರಿಗೆ ಬಂದ ಮೇಲೆ ನೋಡೇ ಇರಲಿಲ್ಲ.

ಮೊಣಕಾಲು ಮುಟ್ಟಿದೆ. ಮರದ ಹಾಗೆ ಸೆಟೆದಿತ್ತು.

ನಮ್ಮಲ್ಲಿ ಉಸಿರು ಹೋದ ತಕ್ಷಣ ಗೋಡೆಗೆ ಒರಗಿಸಿ ಕೂರಿಸಿ ಬಟ್ಟೆಯಲ್ಲಿ ಕಟ್ಟುವುದು ಇದಕ್ಕೇ. ಸೆಟೆದ ಮೇಲೆ ಬಗ್ಗುವುದಿಲ್ಲ. ಅವಳಿಗೆ ಮೊದಲೇ ಹೇಳಿಸಬೇಕಿತ್ತು. ಭಾಷೆ ಇರಲಿಲ್ಲ ಅನ್ನುವುದು ನೆಪ, ಪಾದ್ರಿಗಳು ಇದ್ದರಲ್ಲ. ನಾನಿದ್ದಾಗಲೇ ಹೋಗುತ್ತಾನೆ ಅಂದುಕೊಂಡಿದ್ದೆ.

ಮಂಚ ಹತ್ತಿ ಅವನ ಕಾಲು ಹಿಡಿದು ಮಡಿಸುವುದಕ್ಕೆ ಹೋದೆ. ಅಸ್ಸುಂತ ಕಿರುಚಿ ನನ್ನ ರಟ್ಟೆ ಹಿಡಿದಳು. ಸತ್ತವನ ಮೂಳೆ ಮುರಿಯುತ್ತಾಳೆ ಅಂತ ಅವಳ ಭಯ. ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಪಾದ್ರಿಗಳು ಬಾಗಿಲಲ್ಲಿ ನಿಂತು ಅವಳಿಗೆ ಮೆಲ್ಲಗೆ ಏನೋ ಹೇಳಿದರು. ಅವಳ ಕೈ ಸಡಿಲವಾಯಿತು. ಮೆಟ್ಟಿಲು ಇಳಿದು ಹೋದಳು.

"ಏನಂದ್ರಿ ಅವಳಿಗೆ?"

"ಮಲಗಿದರೆ ಅವನಿಗೆ ತನ್ನ ದೇವರು ಕಾಣುವುದಿಲ್ಲ ಎಂದೆ."

ಅವಳು ಮುನಿಸಿಕೊಂಡು ಹೋದಳು ಅಂದುಕೊಂಡೆ. ಒಲೆ ಹಚ್ಚಲು ಹೋಗಿದ್ದಳು. ಎಣ್ಣೆ ಬಿಸಿ ಮಾಡಿ, ಬಿಸಿನೀರಲ್ಲಿ ಅದ್ದಿದ ಬಟ್ಟೆ ತಂದಳು. ನಾನು ಸೊಂಟಕ್ಕೆ ತಿಕ್ಕಿದೆ, ಅವಳು ಮಂಡಿಗೆ ತಿಕ್ಕಿದಳು. ಬಿಸಿಬಟ್ಟೆ ಇಡುವುದು, ತಿಕ್ಕುವುದು, ಸ್ವಲ್ಪ ಬಗ್ಗಿಸುವುದು. ಎಳೆಗೂಸಿಗೆ ಎಣ್ಣೆ ಹಾಕುವ ಕೈಗೆ ಇದು ಹೊಸದಲ್ಲ, ಅವಳಿಗೂ ಅಲ್ಲ. ಇಬ್ಬರ ಬೆವರೂ ಅವನ ಮೇಲೆ ಬಿತ್ತು. ಒಂದು ಸಲ ಒಳಗೆ ಏನೋ ಲಟಕ್ ಅಂತು. ಅವಳು ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಮತ್ತೆ ತಿಕ್ಕಿದಳು.

ಕೂತ. ಗೋಡೆಗೆ ಒರಗಿಸಿ, ನನ್ನ ಇನ್ನೊಂದು ಬಿಳಿ ಸೀರೆ ಹರಿದು ಕಟ್ಟಿದೆ. ಎಡಗೈ ಬೆರಳು ಬಿಡಿಸಿ ಲಿಂಗ ಇಟ್ಟೆ. ಅಸ್ಸುಂತ ಅವನ ಕೂದಲು ಬಾಚಿದಳು.

ಗೋಡೆಯ ಆಚೆ

ಮಾರನೆಯ ಬೆಳಗ್ಗೆ ಮಣ್ಣು ಮಾಡಿದೆವು. ಗುಂಡಿ ತೋಡುವವನು ಅಭ್ಯಾಸಬಲದಿಂದ ಉದ್ದಕ್ಕೇ ಶುರುಮಾಡಿದ್ದ. ನಾನು ಸನಿಕೆ ತೆಗೆದುಕೊಂಡು ಚೌಕ ಗೀಚಿದೆ. ಮರುಮಾತಿಲ್ಲದೆ ತೋಡಿದ. ಒಳಗೆ ಅವನು ಕೂರುವುದಕ್ಕೆ ಗೂಡು ಕೊರೆಸಿದೆ. ಬಿಲ್ವಪತ್ರೆ ಆ ದೇಶದಲ್ಲಿಲ್ಲ. ಅಸ್ಸುಂತ ಅವರು ಹಬ್ಬಕ್ಕೆ ಗುಡಿಗೆ ಒಯ್ಯುವ ಬೂದುಹಸಿರು ಎಲೆ ಒಂದು ಮಡಿಲು ತಂದಳು. ಯಾವ ಎಲೆಯೋ, ದೇವರಿಗೆ ಅಂತ ಕಿತ್ತದ್ದು, ಹಾಕಿದೆ. ಸ್ವಾಮಿಗಳು ಕೊಟ್ಟ ವಿಭೂತಿ ಪೂರ ಅಲ್ಲೇ ಮುಗಿಯಿತು. ಪಾದ್ರಿಗಳು ತಮ್ಮ ಮಂತ್ರ ಹೇಳಲಿಲ್ಲ. ಟೋಪಿ ಕೈಯಲ್ಲಿ ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದರು.

ಮೂರನೆಯ ದಿನ ಎಡೆ ಇಡಬೇಕಲ್ಲ. ಚೀಲದ ತಳದ ರಾಗಿ ಹಿಟ್ಟು ಕೊಡವಿ ಒಂದು ಸಣ್ಣ ಮುದ್ದೆ ಕಟ್ಟಿದೆ. ಅಸ್ಸುಂತ ತನ್ನ ಹಳದಿ ಮುದ್ದೆಯನ್ನೂ ಉಂಡೆ ಕಟ್ಟಿ ತಂದಳು, ನಾನು ತೋರಿಸಿದ ಹಾಗೇ. ಎರಡನ್ನೂ ಎಲೆಯ ಮೇಲಿಟ್ಟು ಹಿಂದೆ ಸರಿದು ಕೂತೆವು. ಕಾಗೆ ಬರಲಿಲ್ಲ. ಆ ಗುಡ್ಡದಲ್ಲಿ ಕಾಗೆ ಕಡಿಮೆ. ಗಾಳಿ ಬಂತು, ಎಲೆಯ ಅಂಚು ಎದ್ದು ಬಿತ್ತು.

ಬಹಳ ಹೊತ್ತಾದ ಮೇಲೆ ಅವಳು ನನ್ನ ಕಡೆ ತಿರುಗಿ ಏನೋ ಕೇಳಿದಳು. ಏನಂತೆ, ಅಂತ ಜೊತೆಗೆ ಬಂದಿದ್ದ ಪಾದ್ರಿಗಳನ್ನು ಕೇಳಿದೆ.

"ಉಂಡನೇ, ಎಂದು ಕೇಳುತ್ತಾಳೆ."

"ಗೊತ್ತಿಲ್ಲ ಅಂತ ಹೇಳಿ" ಅಂದೆ.

ಹೇಳಿದರು. ಅವಳು ತಲೆಯಾಡಿಸಿದಳು. ಇನ್ನಷ್ಟು ಹೊತ್ತು ಕೂತಿದ್ದೆವು.

ಮತ್ತೆ ಅಜ್ಜಂಪುರ

ಗಾಡಿ ಇಳಿದಾಗ ರುದ್ರ ನಿಂತಿದ್ದ. ಗಂಟು ತೆಗೆದುಕೊಂಡ. ಮನೆ ಮುಟ್ಟುವ ತನಕ ಮಳೆ ಬೆಳೆ ಮಾತಾಡಿದ. ಕೇಳಬೇಕಾದ್ದನ್ನು ಅವನೂ ಕೇಳಲಿಲ್ಲ. ಮಾರನೆಯ ದಿನ ಇಬ್ಬರೂ ಹೊಲಕ್ಕೆ ಹೋಗಿ, ಚನ್ನನ ಅವ್ವನನ್ನು ಕೂರಿಸಿದ ಜಾಗದಲ್ಲಿ ಕಳೆ ಕಿತ್ತೆವು. ಅಲ್ಲಿ ಅವನಿಗೆ ಹೇಳಿದೆ. ಈಗ ನಿಮಗೂ ಹೇಳುತ್ತಿದ್ದೇನೆ, ಇನ್ನು ಯಾರೂ ಬಾಯಿ ಕಟ್ಟಿಕೊಂಡು ತಿರುಗಬೇಕಾಗಿಲ್ಲ.

ಕೂರಿಸಿ ಬಂದೆ. ಕೈಯಲ್ಲಿ ಲಿಂಗ ಇದೆ. ಉಂಡನಾ ಇಲ್ಲವಾ, ಅದು ನನಗೂ ಗೊತ್ತಿಲ್ಲ.